ಕೊಲಂಬೊದಲ್ಲಿ ಕುಂಞಿ ಮೋನುವಿನ ರೂಮು

ಕೊಡೆ ಮಾರುವವನಿಗೆ ಬೇಸಿಗೆಯಲ್ಲಿ ಕೆಲಸ ಇರುವುದಿಲ್ಲ. ಕೆಲಸ ಇಲ್ಲದವನ ಅಂಗಡಿಯ ಎದುರು ಬಿಳಿಯರ ಕಾರು ಪಂಕ್ಚರ್ ಆಗಬಾರದು. ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ಪುತ್ತೂರಿನಲ್ಲಿ ಅದು ಆಗಿಹೋಯಿತು. ಮುಂದಿನದ್ದಕ್ಕೆಲ್ಲ ಆ ಟಯರೇ ಕಾರಣ, ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಪೇಟೆಯಲ್ಲಿ ಕೆಲವರು ಇವತ್ತಿಗೂ ನನ್ನ ಹೆಸರು ಹೇಳುತ್ತಾರೆ.

ನಾನು ಧರ್ಮಪಾಲ ಗೌಡ. ಹುಟ್ಟೂರು ಸುಳ್ಯ, ಪುತ್ತೂರಿನ ಪೇಟೆಯಲ್ಲಿ ವಾಚು ರಿಪೇರಿ ಅಂಗಡಿ. ಪಕ್ಕದ್ದೇ ಕುಂಞಿ ಮೋನುವಿನ ಕೊಡೆ ಅಂಗಡಿ. ನಡುವೆ ಒಂದು ಹಲಗೆಯ ಗೋಡೆ ಇದೆ ಎಂದು ಹೇಳುತ್ತಾರೆ, ಆದರೆ ಅವನು ಆಕಳಿಸಿದರೆ ನನ್ನಲ್ಲಿಗೆ ಕೇಳುತ್ತದೆ. ಹಾಗಾಗಿ ಈ ಕಥೆಯಲ್ಲಿ ನಾನು ಹೇಳುವುದು ಯಾವುದೂ ಗಾಳಿಸುದ್ದಿಯಲ್ಲ.

ಆ ಬಿಳಿಯ ದಂಪತಿ ಇಂಗ್ಲೆಂಡಿನಿಂದ ಸಿಲೋನಿಗೆ ಕಾರಿನಲ್ಲೇ ಹೊರಟವರು. ಸೈಕಲ್ ಅಂಗಡಿಯವನು ಟಯರಿಗೆ ತೇಪೆ ಹಾಕುವಷ್ಟು ಹೊತ್ತು ಅವರು ಕುಂಞಿ ಮೋನುವಿನ ಬೆಂಚಿನ ಮೇಲೆ ಕೂತು ಎಳನೀರಿನ ಬೊಂಡ ಕುಡಿದರು. ಮೋನುವಿನ ಇಂಗ್ಲಿಷು ಕೊಡೆಯ ಚೀಟಿಯಲ್ಲಿ ಇರುವಷ್ಟೇ. ಆದರೂ ಅವರು ಹೇಳಿದ ಒಂದು ಸಂಗತಿ ಅವನ ತಲೆಯೊಳಗೆ ಸರಿಯಾಗಿ ಹೊಕ್ಕಿತು. ದಾರಿಯುದ್ದಕ್ಕೂ ಯಾವ ಊರಿನಲ್ಲಿ ಮಲಗುವುದು ಎಂದು ಹೊರಡುವ ಮೊದಲೇ ಗೊತ್ತುಮಾಡಿ, ರೂಮು ಕಾದಿರಿಸಿ ಬಂದಿದ್ದರು ಅವರು.

"ಕೇಳಿದ್ಯಾ ಧರ್ಮಪಾಲಾ?" ಕಾರು ಕಣ್ಮರೆಯಾದ ಕೂಡಲೇ ಅವನು ನನ್ನ ಅಂಗಡಿಗೆ ನುಗ್ಗಿದ. "ಇಂಗ್ಲೆಂಡಿನಲ್ಲಿ ಚಾ ಕುಡಿಯುವಾಗಲೇ ಅವರಿಗೆ ಮೈಸೂರಿನ ಹಾಸಿಗೆ ಗೊತ್ತುಂಟು! ನಮಗೆ ಎಂತ ಗೊತ್ತುಂಟು? ಉಪ್ಪಿನಂಗಡಿಗೆ ಹೋದ್ರೆ ಎಲ್ಲಿ ಕೂತ್ಕೊಳ್ಳುದು ಅಂತ ಗೊತ್ತಿಲ್ಲ."

"ಉಪ್ಪಿನಂಗಡಿಯಲ್ಲಿ ನಿನ್ನ ಚಿಕ್ಕಮ್ಮನ ಮನೆ ಉಂಟಲ್ಲ ಮಾರಾಯ" ಎಂದೆ.

"ಅದೇ ನಾನು ಹೇಳುದು! ನಮ್ಮ ಜನ ಉದ್ಧಾರ ಆಗದ್ದು ಅದಕ್ಕೇ. ಎಲ್ಲಿ ಹೋದ್ರೂ ಚಿಕ್ಕಮ್ಮ!"

ಆ ಕ್ಷಣದಿಂದ ಅವನು ಮನುಷ್ಯನಾಗಿ ಉಳಿಯಲಿಲ್ಲ, ಪ್ರವಾಸಿಯಾದ.

ಹೊರಡುವುದಕ್ಕೆ ಕಾರಣ ಮೊದಲಿಂದಲೂ ಇತ್ತು, ಇಲ್ಲವೆನ್ನಲಾರೆ. ಅವನ ಹೆಂಡತಿ ರುಖಿಯಮ್ಮನ ತಮ್ಮ ಹೈದರ್ ಕೊಲಂಬೊದಲ್ಲಿ ಹಾಸಿಗೆ ಹೊಲಿಸುವ ಅಂಗಡಿ ಇಟ್ಟಿದ್ದ. ಮೀಸೆ ಮೂಡುವ ವಯಸ್ಸಿನಲ್ಲಿ ಹೋದವನು ಅಂಗಡಿ ಬಿಟ್ಟು ಬರಲಾಗದೆ ಅಲ್ಲೇ ಉಳಿದಿದ್ದ. ಅವರ ತಾಯಿ ಬೀಫಾತುಮ್ಮನಿಗೆ ಮಗನ ಮುಖ ನೋಡಬೇಕು. ಬೇರೆ ಯಾವ ಆಸೆಯೂ ಆ ಹೆಂಗಸಿಗೆ ಇರಲಿಲ್ಲ. ಪೆರ್ನಾಲ್ ಹಬ್ಬದ ದಿನ ಎಲ್ಲರಿಗೂ ಬಡಿಸಿ, ತಾನು ಮಾತ್ರ ಊಟದ ಮುಂದೆ ಕೂತು, "ಅವ ಅಲ್ಲಿ ಎಂತ ತಿಂದನೋ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗಾಗಿ ಮೋನು ತನ್ನ ಹಳೆಯ ಕಾರಿನಲ್ಲಿ ಅತ್ತೆಯನ್ನೂ ಹೆಂಡತಿಯನ್ನೂ ಕೂರಿಸಿ ಕೊಲಂಬೊಗೆ ಹೋಗುವೆನೆಂದಾಗ ಎಲ್ಲರಿಗೂ ಸಂತೋಷವೇ ಆಯಿತು. ನನಗೂ ಆಯಿತು, ಡ್ರೈವರ್ ನಾನೇ ಎಂದು ತಿಳಿಯುವವರೆಗೆ. ಕಾರು ಮೋನುವಿನದ್ದು, ಲೈಸೆನ್ಸು ನನ್ನದು.

"ಮಂಡಪಂ ಸ್ಟೇಷನಿನಲ್ಲಿ ಕಾರನ್ನು ರೈಲಿಗೆ ಹತ್ತಿಸುದು, ಧನುಷ್ಕೋಟಿಯಲ್ಲಿ ಹಡಗಿಗೆ ಹತ್ತಿಸುದು. ನಾವು ಸುಮ್ಮನೆ ಕೂರುದು" ಎಂದು ಅವನು ವಿವರಿಸಿದ. ಕಡಬದ ಏರು ಹತ್ತಲಿಕ್ಕೇ ಎರಡು ಬಾರಿ ಇಳಿದು ತಳ್ಳಬೇಕಾದ ಕಾರದು.

ಚಾ ಹೋಟೆಲಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಮುಂಚೆ ರೂಮು ಮಾಡಬೇಕೋ, ಬೇಡವೋ? ಬೇಡ ಎಂಬವರೇ ಹೆಚ್ಚು. ಸುಳ್ಯದಲ್ಲಿ ಧರ್ಮಪಾಲನ ಅತ್ತೆ ಉಂಟು, ಮಡಿಕೇರಿಯಲ್ಲಿ ಟೈಲರನ ಷಡ್ಡಕ ಉಂಟು, ಮೈಸೂರಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಎಂದು ದಾರಿಯುದ್ದಕ್ಕೂ ನೆಂಟರನ್ನು ನೆಟ್ಟುಕೊಂಡು ಹೋದರು. ಮೋನು ಮಾತ್ರ ಒಪ್ಪಲಿಲ್ಲ.

"ನೆಂಟರ ಮನೆಗೆ ಹೋದ್ರೆ ಅವರು ಊರು ತೋರಿಸುದಿಲ್ಲ, ಬರೀ ಬಡಿಸುದು. ನನಗೆ ಮಡಿಕೇರಿಯಲ್ಲಿ ನೋಡಲಿಕ್ಕೆ ಸಿಕ್ಕಿದ್ದು ಬಾಳೆಲೆ ಮಾತ್ರ!"

ಆಲಂಕಾರಿನ ಅಬ್ದುಲ್ ರಹ್ಮಾನ್ ಹಿಂದೆ ಕೊಲಂಬೊದಲ್ಲಿ ಇದ್ದು ಬಂದವರು. ಅವರು ಚಾದ ಗ್ಲಾಸು ಕೆಳಗಿಟ್ಟು ಗಂಭೀರವಾಗಿ, "ಮೋನು, ಬೇರೆ ಎಲ್ಲಿ ಬೇಕಾದರೂ ರೂಮು ಮಾಡು. ಕೊಲಂಬೊದಲ್ಲಿ ಮಾಡಬೇಡ. ಅಲ್ಲಿ ನಿನ್ನ ಹೆಂಡತಿಯ ತಮ್ಮ ಇದ್ದಾನೆ" ಎಂದರು. ಅದೇ ಬಾಯಿಯಲ್ಲಿ, ಮಾಡುವುದೇ ಆದರೆ ಯಾವ ಹೋಟೆಲು ಒಳ್ಳೆಯದು ಎಂದೂ ಹೇಳಿಬಿಟ್ಟರು. ತಿಳಿದವರ ಕಷ್ಟವೇ ಅದು, ಗೊತ್ತಿರುವುದನ್ನು ಹೇಳದೆ ಇರಲು ಆಗುವುದಿಲ್ಲ.

ಇಲ್ಲಿ ನಾನೊಂದು ಮಾತು ಹೇಳಬೇಕು. ಮೋನುವಿನಂಥ ಬ್ಯಾರಿ ಮುಸ್ಲಿಮರಲ್ಲಿ ಮದುವೆಯಾಗಿ ಎಷ್ಟು ವರ್ಷವಾದರೂ ಹೆಂಡತಿಯ ತವರಿನಲ್ಲಿ ಗಂಡ ಪುದಿಯಾಪ್ಳನೇ, ಅಂದರೆ ಹೊಸ ಮದುಮಗನೇ. ತಲೆ ಬೋಳಾದ ಮೋನು ಅತ್ತೆಯ ಮನೆಯ ಮೆಟ್ಟಿಲು ಹತ್ತಿದರೆ ಆಗಲೂ ಒಳಗೆ ಕೋಳಿ ಕೂಗುವುದು ನಿಲ್ಲುತ್ತಿತ್ತು. ಅಂಥ ಅಳಿಯ ಹೆಂಡತಿಯ ಕಡೆಯವರು ಇರುವ ಊರಿಗೆ ಹೋಗಿ ಹೋಟೆಲಿನಲ್ಲಿ ಮಲಗಿದ ಎಂದರೆ ಅದು ನಿದ್ರೆಯಲ್ಲ, ಜಗಳ. ಸಂಬಂಧ ಕಡಿದುಕೊಂಡೆ ಎಂದು ಡಂಗುರ ಹೊಡೆಸಿದ ಹಾಗೆ. ಇದು ಮೋನುವಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪ್ರವಾಸಿಗೆ ಗೊತ್ತಿರಲಿಲ್ಲ.

ಪಾಸ್‌ಪೋರ್ಟಿನ ಅರ್ಜಿ ಹೋಗಿತ್ತು. ವಿಚಾರಣೆಗೆ ಹೆಡ್ ಕಾನ್‌ಸ್ಟೇಬಲರು ಅಂಗಡಿಗೇ ಬಂದು, ಟೊಪ್ಪಿ ತೆಗೆದು ಬೆಂಚಿನ ಮೇಲಿಟ್ಟು, ಪೆನ್ಸಿಲು ಹೊರಗೆ ತೆಗೆದರು.

"ಅಲ್ಲಿ ಹೋಗಿ ಎಲ್ಲಿ ಉಳಿಯುದು ಸಾಹೇಬ್ರೆ?"

"ಹೋಟೆಲಿನಲ್ಲಿ" ಎಂದ ಮೋನು. "ರೂಮು ಮುಂಚೆಯೇ ಮಾಡಿ ಆಗಿದೆ."

ಹಲಗೆಯ ಈಚೆ ನನ್ನ ಕೈಯಿಂದ ವಾಚಿನ ಸ್ಪ್ರಿಂಗು ಹಾರಿ ಹೋಯಿತು. ಕಾನ್‌ಸ್ಟೇಬಲರು ಎದ್ದು ಹೋದ ಮೇಲೆ ಕೇಳಿದೆ, "ಎಂತದು ಮೋನು, ಹೈದರ್ ಇಲ್ವಾ ಅಲ್ಲಿ?"

"ಪೊಲೀಸರತ್ರ ಭಾವನ ಮನೆ ಅಂತ ಹೇಳ್ಲಿಕ್ಕೆ ಆಗ್ತದಾ? ಬಿಟ್ಟಿ ಊಟಕ್ಕೆ ಸಮುದ್ರ ದಾಟುವವ ಅಂತ ಬರ್ಕೊಳ್ತಾರೆ. ಹೋಟೆಲು ಅಂದ ಕೂಡಲೇ ಅವರು ಹೇಗೆ ನೆಟ್ಟಗೆ ಕೂತ್ರು, ನೋಡಿದ್ಯಾ?"

"ರೂಮು ಮಾಡಿದ್ದು ಯಾವಾಗ?"

"ಈಗ ಮಾಡುದು. ಸರಕಾರಕ್ಕೆ ಸುಳ್ಳು ಹೇಳಬಾರದು" ಎಂದು ಅವನು ಪೋಸ್ಟಾಫೀಸಿಗೆ ಓಡಿದ.

ಅಬ್ದುಲ್ ರಹ್ಮಾನ್ ಹೇಳಿದ ಆ ನಾಲ್ಕು ಮಾಳಿಗೆಯ ಹೋಟೆಲಿಗೆ ತಂತಿ ಹೋಯಿತು. ರೂಮು ಇದೆ ಎಂದು ಉತ್ತರವೂ ಬಂತು. ಮೋನು ಅದನ್ನು ಕೊಡೆಯ ಕಡ್ಡಿಯಿಂದ ಅಂಗಡಿಯ ಗೋಡೆಗೆ ಚುಚ್ಚಿಟ್ಟ. ಕೊಡೆಯ ಕ್ರಯ ಕೇಳಲು ಬಂದವರಿಗೂ ಮೊದಲು ಅದನ್ನು ತೋರಿಸಿದ. ಮನೆಯಲ್ಲಿ ಮಾತ್ರ ಉಸಿರೆತ್ತಲಿಲ್ಲ. ಅವನ ಯೋಚನೆ ಬಹಳ ಸರಳವಾಗಿತ್ತು. ಊಟ ಹೈದರನಲ್ಲಿ, ನಿದ್ರೆ ಹೋಟೆಲಿನಲ್ಲಿ, ಹೆಂಗಸರಿಗೆ ಆಮೇಲೆ ಏನಾದರೂ ಹೇಳಿದರಾಯಿತು.

ಸ್ವಲ್ಪ ದಿನಕ್ಕೆ ಇನ್ನೊಂದು ತಂತಿ ಬಂತು. ಇದನ್ನು ಪೋಸ್ಟ್‌ಮಾಸ್ಟರೇ ಛತ್ರಿ ಹಿಡಿದು ಬಿಸಿಲಿನಲ್ಲಿ ತಂದರು. "ಅಂಚೆಪೇದೆಯ ಕೈಯಲ್ಲಿ ಕೊಡುವ ಸುದ್ದಿ ಅಲ್ಲ ಇದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು. ಇಡೀ ಪೇಟೆ ಸೇರಿದ ಮೇಲೆ, ಗುಟ್ಟು ಕಾಯುವುದಕ್ಕಾಗಿ ಸ್ವರ ತಗ್ಗಿಸಿ, ಆದರೂ ಎಲ್ಲರಿಗೂ ಕೇಳುವ ಹಾಗೆ, ಕನ್ನಡ ಮಾಡಿ ಓದಿದರು:

"ಹೋಟೆಲಿನಲ್ಲೇ ಇರಿ. ಅಲ್ಲಿಯ ಹಾಸಿಗೆಯೂ ನಾನೇ ಹೊಲಿದದ್ದು. ನನ್ನ ಮನೆಗೆ ಬರಬೇಡಿ. ಹೈದರ್."

ಅಬ್ದುಲ್ ರಹ್ಮಾನ್ ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಆ ಹೋಟೆಲಿನ ಹಾಸಿಗೆ ಎಲ್ಲ ಹೈದರನದ್ದೇ. ನಾನು ಹೇಳ್ಲಿಲ್ವಾ?"

"ಇಲ್ಲ!" ಎಂದು ಪೇಟೆಯೇ ಕಿರುಚಿತು.

ನಡೆದದ್ದು ಇಷ್ಟು. ಪುತ್ತೂರಿನಿಂದ ದೊಡ್ಡ ಸಾಹುಕಾರರೊಬ್ಬರು ಬರುತ್ತಾರೆ, ಹೊಸ ಹಾಸಿಗೆ ಬೇಕು ಎಂದು ಹೋಟೆಲಿನ ಮ್ಯಾನೇಜರು ಹೈದರನಿಗೆ ಹೇಳಿದ. ನಮ್ಮೂರಿನವರಲ್ಲವೇ ಎಂದು ಹೈದರ್ ಒಳ್ಳೆಯ ಬೂರುಗದ ಹತ್ತಿ ತರಿಸಿ, ಆಳುಗಳ ಕೈಗೆ ಕೊಡದೆ ತಾನೇ ಕೂತು ಹೊಲಿದ. ಹೊತ್ತುಕೊಂಡು ಹೋಗಿ ಮಂಚದ ಮೇಲೆ ಹಾಸಿಯೂ ಕೊಟ್ಟ. ಆಮೇಲೆ ಸಾಹುಕಾರರ ಹೆಸರು ಕೇಳಿದ.

ಸುದ್ದಿ ಮೋನುವಿಗಿಂತ ಮುಂಚೆ ಅತ್ತೆಯ ಮನೆ ತಲುಪಿತು. ಅಲ್ಲಿಗೆ ನಾನೂ ಅವನ ಜೊತೆ ಹೋದೆ, ಸ್ನೇಹ ಎಂದು ಒಂದು ಉಂಟಲ್ಲ. ಯಾವತ್ತೂ ಪತ್ತಿರ್ ರೊಟ್ಟಿ, ಕೋಳಿ ಸಾರು ಬರುತ್ತಿದ್ದ ಜಾಗಕ್ಕೆ ಎರಡು ಲೋಟ ನೀರು ಬಂತು. ಬೀಫಾತುಮ್ಮ ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ, ಬಾಗಿಲ ಮರೆಯಿಂದ ಮಗಳ ಮೂಲಕವೇ ಹೇಳುವುದು.

"ರುಖಿಯಾ, ನಿನ್ನ ಗಂಡನತ್ರ ಹೇಳು. ಇಲ್ಲಿ ಕೂತ್ಕೊಳ್ಳಲಿಕ್ಕೆ ಮುಂಚೆ ತಂತಿ ಕಳಿಸಿದ್ದಾರಾ ಅಂತ ಕೇಳು."

"ಉಮ್ಮ ಹೇಳಿದ್ದು ಕೇಳ್ತಲ್ಲ?" ಎಂದರು ರುಖಿಯಮ್ಮ. ಅವರ ಕಣ್ಣು ಅತ್ತು ಕೆಂಪಾಗಿತ್ತು. "ನೀವು ಎಂತ ಮಾಡಿದ್ದು ಗೊತ್ತುಂಟಾ? ಬಿಳಿಯರಿಗೆ ಭಾವಂದಿರು ಇಲ್ಲ, ಅವರು ರೂಮು ಮಾಡ್ತಾರೆ. ನಿಮಗೆ ಎಂತ ಆಗಿತ್ತು?"

"ಅವನಿಗೆ ತೊಂದರೆ ಆಗುದು ಬೇಡ ಅಂತ..."

"ನನ್ನ ತಮ್ಮನಿಗೆ ನಾನು ತೊಂದರೆಯಾ?"

ಒಳಗಿನಿಂದ ಮತ್ತೆ ಸ್ವರ ಬಂತು, ಈ ಸಲ ಸಣ್ಣದಾಗಿ. "ಹೇಳು ರುಖಿಯಾ. ನನಗೆ ಇನ್ನು ಅವನನ್ನು ನೋಡ್ಲಿಕ್ಕೆ ಇಲ್ಲ ಅಂತ ಹೇಳು."

ಮೋನು ತಲೆ ತಗ್ಗಿಸಿದ. ಅವನನ್ನು ಬೈಯಬೇಕೆಂದೇ ನಾನು ಹೋದದ್ದು. ಆದರೆ ಅವನ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ಮರುದಿನದಿಂದ ಊರು ಅವನಿಗೆ ಬುದ್ಧಿ ಹೇಳಲು ಶುರುಮಾಡಿತು. ಮಸೀದಿಯ ಜಮಾಅತಿನ ಹಿರಿಯರು ಬಂದು, ಗಂಡಹೆಂಡತಿ ಬೇರೆಯಾಗುವ ಮಾತು ನಿಜವೇ ಎಂದು ವಿಚಾರಿಸಿದರು. ಪೆರಾಬೆಯಿಂದ ಒಬ್ಬರು ದೂರದ ನೆಂಟರು ಬಸ್ಸು ಹತ್ತಿ ಬಂದು ರುಖಿಯಮ್ಮನಿಗೆ ಧೈರ್ಯ ಹೇಳಿ, ಊಟ ಮಾಡಿ ಹೋದರು. ನೆಲ್ಯಾಡಿಯಲ್ಲಂತೂ ಮೋನು ಆಗಲೇ ಕೊಲಂಬೊದಲ್ಲಿ ಎರಡನೇ ಮದುವೆಯಾಗಿದ್ದ. ನನ್ನ ಹೆಂಡತಿ ಸೇವಂತಿ ಕೂಡ, "ನೀವು ಸುಳ್ಯಕ್ಕೆ ಹೋದ್ರೆ ಅತ್ತೆಯಲ್ಲೇ ಉಳಿಯುದಲ್ವಾ? ಸರಿಯಾಗಿ ಹೇಳಿ" ಎಂದು ನನ್ನನ್ನೇ ಹಿಡಿದಳು. ಟಯರು ಪಂಕ್ಚರ್ ಆದದ್ದು ಯಾರದ್ದೋ, ಗಾಳಿ ಹೋದದ್ದು ನಮ್ಮಿಬ್ಬರದ್ದು.

"ರೂಮು ಬಿಟ್ಟುಬಿಡು" ಎಂದೆ.

ಬಿಟ್ಟ. ಹೋಟೆಲಿಗೆ ರೂಮು ಬೇಡವೆಂದು ತಂತಿ ಕಳುಹಿಸಿದ. ಹೈದರನಿಗೂ ಒಂದು ತಂತಿ ಹಾಕು ಎಂದರೆ ಮಾತ್ರ ಕೇಳಲಿಲ್ಲ. "ತಪ್ಪಾಯ್ತು ಅಂತ ತಂತಿಯಲ್ಲಿ ಬೇಡಿಕೊಳ್ಳುದಾ ಮಾರಾಯ? ಅವನು ಎಂತ ಅಕ್ಕಿಯ ವ್ಯಾಪಾರಿಯಾ? ಅದಕ್ಕೆ ಕ್ಷೇಮ ಸಮಾಚಾರ ಕೇಳಿ, ಮರ್ಯಾದೆಯಲ್ಲಿ, ಉದ್ದಕ್ಕೆ ಕಾಗದ ಬರೀಬೇಕು" ಎಂದ. ಬರೆದ. ಉದ್ದಕ್ಕೇ ಬರೆದ. ಕಾಗದ ಹಡಗಿನ ಅಂಚೆಯಲ್ಲಿ ನಿಧಾನಕ್ಕೆ ಹೊರಟಿತು.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲರು ಮತ್ತೆ ಬಂದರು.

"ರೂಮು ಬಿಟ್ಟಿರಂತೆ? ನಾನು ಹೋಟೆಲು ಅಂತ ಬರೆದು ಕಳಿಸಿ ಆಗಿದೆ. ಈಗ ಎಲ್ಲಿ ಉಳಿಯುದು?"

"ಗೊತ್ತಿಲ್ಲ ಸ್ವಾಮಿ. ಭಾವ ಬಾಗಿಲು ತೆಗೆದ್ರೆ ಅಲ್ಲಿ, ತೆಗೀದಿದ್ರೆ..."

"ತೆಗೀದಿದ್ರೆ?"

"ಕಾರಿನಲ್ಲಿ."

ಕಾನ್‌ಸ್ಟೇಬಲರು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡರು. "ಇದನ್ನು ಬರೆಯುದು ಹೇಗೆ? ನನ್ನ ಸರ್ವಿಸಿನಲ್ಲಿ ಕಳ್ಳರೂ ಸಹ ಒಂದು ವಿಳಾಸ ಕೊಟ್ಟಿದ್ದಾರೆ" ಎಂದು ನಿಟ್ಟುಸಿರು ಬಿಟ್ಟು ಹೋದರು. ಪಾಸ್‌ಪೋರ್ಟು ಅಲ್ಲಿಗೇ ನಿಂತಿತು. ಪಾಸ್‌ಪೋರ್ಟು ನಿಂತದ್ದು ಕೇಳಿ ಬೀಫಾತುಮ್ಮ ಹಾಸಿಗೆ ಹಿಡಿದರು. ಕಾಯಿಲೆ ಏನೂ ಇರಲಿಲ್ಲ. ಏಳಲು ಮನಸ್ಸು ಇರಲಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಪೋಸ್ಟ್‌ಮಾಸ್ಟರು ಛತ್ರಿ ಸಹ ಇಲ್ಲದೆ ಓಡಿ ಬಂದರು.

"ಬಂದಿದ್ದಾನೆ! ಬಸ್‌ ಸ್ಟ್ಯಾಂಡಿನ ಹತ್ರದ ಲಾಡ್ಜಿನಲ್ಲಿ ಇದ್ದಾನೆ!"

"ಯಾರು?"

"ಹೈದರ್!"

ಮೋನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿ ಓಡಿದ, ನಾನು ಹಿಂದಿನಿಂದ. ಲಾಡ್ಜಿನ ಮಾಳಿಗೆಯ ಮೂಲೆಯ ರೂಮಿನಲ್ಲಿ, ಟ್ರಂಕಿನ ಮೇಲೆ ಕೈಯಿಟ್ಟು, ಬಿಳಿ ಪ್ಯಾಂಟು ಹಾಕಿದ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಕೆನ್ನೆಯಲ್ಲಿ ಮಾತ್ರ ಬೀಫಾತುಮ್ಮನ ಪಡಿಯಚ್ಚು.

"ಹೈದರಾ! ಮನೆಗೆ ಬಾ ಮಾರಾಯ!"

"ಮನೆಗೆ ಯಾಕೆ ಭಾವ? ನಾನು ಮುಂಚೆಯೇ ರೂಮು ಮಾಡಿದ್ದೇನೆ" ಎಂದ ಹೈದರ್. ಆ ಮಾತು ಹೇಳಲಿಕ್ಕಾಗಿಯೇ ಅವನು ಸಮುದ್ರ ದಾಟಿ ಬಂದದ್ದೇನೋ ಎಂದು ನನಗೆ ಅನಿಸಿತು. "ಪುತ್ತೂರಿನ ದೊಡ್ಡವರು ಹೀಗೆ ಮಾಡುದು ಅಂತ ನಿಮ್ಮಿಂದಲೇ ಕಲಿತದ್ದು."

"ನನ್ನ ಕಾಗದ ಸಿಗ್ಲಿಲ್ವಾ?"

"ಯಾವ ಕಾಗದ? ನೀವು ರೂಮು ಬಿಟ್ರಿ ಅಂತ ಮ್ಯಾನೇಜರು ಹೇಳಿದ. ಅಂದ್ರೆ ನೀವು ಬರುದಿಲ್ಲ, ಉಮ್ಮನನ್ನೂ ತರುದಿಲ್ಲ ಅಂತಾಯ್ತಲ್ಲ. ನಾನು ಕೋಪದಲ್ಲಿ ಒಂದು ಮಾತು ಹೇಳಿದ್ದಕ್ಕೆ ನೀವು ಉಮ್ಮನಿಗೆ ಮಗನನ್ನೇ ಇಲ್ಲ ಮಾಡುದಾ?" ಅವನ ಸ್ವರ ಒಡೆಯಿತು. "ಅಂಗಡಿಗೆ ಬೀಗ ಹಾಕಿ ಬಂದೆ. ಉಮ್ಮನನ್ನು ಇಲ್ಲಿಗೆ ಕರ್ಕೊಂಡು ಬನ್ನಿ. ನೋಡಿ ಹೋಗ್ತೇನೆ. ನಿಮ್ಮ ಮೆಟ್ಟಿಲು ಹತ್ತುದಿಲ್ಲ."

ಮೋನು ಕೈ ಮುಗಿದ, ಬೇಡಿದ, ಕಾಗದದಲ್ಲಿ ಬರೆದಿದ್ದನ್ನೆಲ್ಲ ಬಾಯಿಪಾಠ ಒಪ್ಪಿಸಿದ. ಹೈದರ್ ಜಗ್ಗಲಿಲ್ಲ. ಲಾಡ್ಜಿನ ಮ್ಯಾನೇಜರು ಬಂದು, ಗಿರಾಕಿಯನ್ನು ಎಬ್ಬಿಸಬಾರದು ಎಂದು ನಮಗೇ ಗದರಿದ.

ಕರೆದುಕೊಂಡು ಬರಲು ಯಾರೂ ಹೋಗಬೇಕಾಗಲಿಲ್ಲ. ಹಾಸಿಗೆ ಹಿಡಿದಿದ್ದ ಬೀಫಾತುಮ್ಮ, ಮಗಳ ಕೈಯನ್ನೂ ಹಿಡಿಯದೆ, ಲಾಡ್ಜಿನ ಮೆಟ್ಟಿಲನ್ನು ತಾನೇ ಹತ್ತಿ ಬಂದರು. ಬಾಗಿಲಲ್ಲಿ ನಿಂತರು. ಹೈದರ್ ಎದ್ದ. ಆಮೇಲೆ ಆಕೆ ಮಗನ ಕೆನ್ನೆ, ಕುತ್ತಿಗೆ, ಹೊಟ್ಟೆ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ, "ತಿಂದಿದ್ದಿ. ತಿಂದಿದ್ದಿ" ಎಂದು ಅತ್ತರು. ಹೈದರ್ ಮಗುವಿನ ಹಾಗೆ ಬಿಕ್ಕಿದ. ನನಗೆ ವಾಚು ನೋಡಿ ನೋಡಿ ಕಣ್ಣಲ್ಲಿ ನೀರು ಬರುವ ಕಾಯಿಲೆ ಮೊದಲಿಂದಲೂ ಉಂಟು.

"ನಡಿ ಮನೆಗೆ" ಎಂದರು ಆಕೆ.

"ಇಲ್ಲ ಉಮ್ಮ. ಬರುದಿಲ್ಲ."

"ಹಾಗಾ?" ಬೀಫಾತುಮ್ಮ ಕಣ್ಣೊರೆಸಿಕೊಂಡು ರೂಮಿನ ಸುತ್ತ ನೋಡಿದರು. "ಸರಿ. ರುಖಿಯಾ, ನನ್ನ ಎಲೆಡಿಕೆ ಪೆಟ್ಟಿಗೆ ಇಲ್ಲಿಗೆ ತಾ. ನಾನೂ ಇಲ್ಲೇ ಇರುದು." ಹೇಳಿ, ಮಂಚದ ಮೇಲೆ ಮಲಗಿಯೇ ಬಿಟ್ಟರು. ಮಲಗಿ ಒಮ್ಮೆ ಎಡಕ್ಕೆ ಹೊರಳಿದರು, ಒಮ್ಮೆ ಬಲಕ್ಕೆ ಹೊರಳಿದರು, ಬೆನ್ನಿಗೆ ಕೈ ಇಟ್ಟು ಸಣ್ಣಕ್ಕೆ "ಯಾ ಅಲ್ಲಾ" ಎಂದರು.

ಹೈದರನ ಮುಖ ಬದಲಾಯಿತು. "ಎಂತ ಉಮ್ಮ, ಚುಚ್ಚುತ್ತದಾ?"

"ಇಲ್ಲ ಇಲ್ಲ. ಮುದುಕಿಗೆ ಇದು ಸಾಕು."

ಅವನು ಹಾಸಿಗೆಯ ಮೂಲೆಯನ್ನು ಎತ್ತಿದ. ಹೊಲಿಗೆ ನೋಡಿದ. ಬೆರಳು ತೂರಿಸಿ ಒಳಗಿನಿಂದ ಒಂದು ಚಿಟಿಕೆ ಹೊರಗೆ ಎಳೆದು ಬೆಳಕಿಗೆ ಹಿಡಿದ.

"ತೆಂಗಿನ ನಾರು!" ಕೂಗು ಬಸ್‌ ಸ್ಟ್ಯಾಂಡಿಗೆ ಕೇಳಿತು. "ಇದಕ್ಕೆ ಹಾಸಿಗೆ ಅಂತ ಹೇಳ್ತೀರಾ? ಮ್ಯಾನೇಜರೇ! ನಾನು ಊರಿಗೆಲ್ಲ ಬೂರುಗದ ಹತ್ತಿ ತುಂಬಿಸಿ ಕೊಡುವವ. ನನ್ನ ಉಮ್ಮ ಇದರಲ್ಲಿ ಮಲಗುದಾ? ಏಳಿ ಉಮ್ಮ! ಮೊದಲು ಏಳಿ! ಭಾವ, ಎಂತ ನೋಡ್ತೀರಿ, ಆ ಟ್ರಂಕು ಹಿಡೀರಿ!"

ಭಾವ ಹಿಡಿದ. ಆ ಟ್ರಂಕಿನ ತೂಕಕ್ಕೆ ಅವನ ಬೆನ್ನು ಬಗ್ಗಿತ್ತು, ಮುಖ ಮಾತ್ರ ಅರಳಿತ್ತು. ಬೀಫಾತುಮ್ಮ ಎದ್ದು, ಬೆನ್ನು ನೋವಿನ ಸುದ್ದಿಯೇ ಇಲ್ಲದೆ, ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದರು.

ಮೆರವಣಿಗೆ ಪೇಟೆಯ ನಡುವೆಯೇ ಬೀಫಾತುಮ್ಮನ ಮನೆಗೆ ಹೋಯಿತು. ಮಧ್ಯಾಹ್ನದೊಳಗೆ ಪೆರಾಬೆ, ಆಲಂಕಾರು, ನೆಲ್ಯಾಡಿಯ ನೆಂಟರೆಲ್ಲ ಹೈದರನನ್ನು ನೋಡಲು ಬಂದು ಸೇರಿದರು. ನೆಲ್ಯಾಡಿಯವರು ಮಾತ್ರ ಮೋನುವಿನ ಎರಡನೇ ಹೆಂಡತಿ ಎಲ್ಲಿ ಎಂದು ಸ್ವಲ್ಪ ಹುಡುಕಿದರು. ಹೆಡ್ ಕಾನ್‌ಸ್ಟೇಬಲರೂ ಊಟಕ್ಕೆ ಬಂದು, ಅರ್ಜಿ ಮುಗಿಯಿತಲ್ಲ ಎಂದು ಸಮಾಧಾನದಿಂದ ಕೈ ತೊಳೆದರು. ತುಪ್ಪದ ಅನ್ನ, ಕೋಳಿ, ಪಾಯಸ. ನನಗೆ ಬೇರೆಯಾಗಿ ಬಾಳೆಲೆ ಹಾಕಿ, ಸಾಕು ಎಂದರೂ ಬಿಡದೆ ಬಡಿಸಿದರು.

ಉಂಡ ಮೇಲೆ ಮಲಗಬೇಕಲ್ಲ? ಒಳಕೋಣೆಯಲ್ಲಿ ಹೈದರ್, ಅವನ ತಲೆಯ ಹತ್ತಿರ ಗಾಳಿ ಬೀಸುತ್ತ ಬೀಫಾತುಮ್ಮ. ಇನ್ನೊಂದು ಕೋಣೆಯಲ್ಲಿ ಪೆರಾಬೆಯ ಹೆಂಗಸರು. ಜಗಲಿಯಲ್ಲಿ ಸಾಲಾಗಿ ಆಲಂಕಾರು, ನೆಲ್ಯಾಡಿ. ಮೋನು ದಿಂಬು ಕಂಕುಳಲ್ಲಿ ಇಟ್ಟುಕೊಂಡು ಮನೆಯಿಡೀ ಸುತ್ತಿದ. ಪುದಿಯಾಪ್ಳನಿಗೆ ಕಾಲು ನೀಡುವಷ್ಟು ಜಾಗವೂ ಇರಲಿಲ್ಲ.

ಅವನು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ, "ಲಾಡ್ಜಿನ ರೂಮು ನಾಳೆವರೆಗೆ ಹೈದರನ ಹೆಸರಿನಲ್ಲೇ ಉಂಟು ಮಾರಾಯ."

ಹಿತ್ತಿಲ ಬಾಗಿಲಿನಿಂದ ಹೊರಟು, ಬಿಸಿಲಿನಲ್ಲಿ ಗೋಡೆಯ ನೆರಳು ಹಿಡಿದು, ಯಾರಿಗೂ ಕಾಣದ ಹಾಗೆ ಲಾಡ್ಜಿಗೆ ಹೋದೆವು. ಕಿಟಿಕಿಯಿಂದ ಗಾಳಿ ಬರುತ್ತಿತ್ತು. ಮೋನು ಆ ಹಾಸಿಗೆಯ ಮೇಲೆ ಕೈಕಾಲು ಚಾಚಿ ಬಿದ್ದ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಕಣ್ಣು ಮುಚ್ಚಿದ. ಹೋಯಿತು, ನಿದ್ರೆ ಬಂತು ಎಂದುಕೊಂಡೆ.

"ಧರ್ಮಪಾಲಾ."

"ಎಂತ?"

"ಹಾಸಿಗೆ ಒಳ್ಳೇದುಂಟು. ಹೈದರನತ್ರ ಹೇಳಬೇಡ."